ಗೋಲಿನ ಮುಂದಿನ ತೆಂಗಿನ ಮರ

"ಟರ್ಫ್ ಹಾಕಿದ್ರೆ ತೆಂಗು ಸಾಯುತ್ತೆ ಅಂತ ತಿಪಟೂರೆಲ್ಲ ಮಾತಾಡ್ತೈತೆ. ಇನ್ನು ಈ ಸೀಮೇಲಿ ನನ್ನನ್ನ ಯಾರು ಅಂಗಳಕ್ಕೆ ಬಿಟ್ಕೋತಾರೆ, ಭೈರಮ್ಮಾರೇ?"

ಯೋಗೀಶ್ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದ. ನೋಡಿ ನೋಡಿ ನನಗೇ ತಲೆ ಸುತ್ತಿತು. "ಲೇ, ಒಂದ್ಕಡೆ ಕೂತ್ಕಳಲಾ!" ಎಂದು ಗದರಿದೆ.

ಭೈರಮ್ಮ ಹುಳಿಯಾರು ರೂಟಿನ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕಂಡಕ್ಟರ್ ಆಗಿದ್ದವರು. ಅದರ ಡ್ರೈವರ್ ಈ ಹುಚ್ಚಣ್ಣ, ಅಂದರೆ ನಾನು. ಟಿಕೆಟ್ ತೆಗೆಯದವನನ್ನು ಅವರು ಹಿಡಿಯುತ್ತಿದ್ದದ್ದು ಮುಖ ನೋಡಿ ಅಲ್ಲ, ಕೇಳದೇ ಇದ್ದಾಗ ಅವನು ಆಡುವ ಮಾತಿನಿಂದ. ನಿವೃತ್ತರಾದ ಮೇಲೆ ಊರಿನ ತಕರಾರೆಲ್ಲ ಅವರ ಜಗಲಿಗೇ ಬರುತ್ತಿತ್ತು.

"ಮೊದಲಿಂದ ಹೇಳಪ್ಪ," ಎಂದರು.

ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯನ ಮಗಳು ಲಿಖಿತಾ ಜಿಲ್ಲಾ ತಂಡದ ಹಾಕಿ ಆಟಗಾರ್ತಿ. ಅವಳ ಅಭ್ಯಾಸಕ್ಕೆಂದು ಮನೆಯ ಹಿತ್ತಲಲ್ಲಿ ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸು, ಹಾಕಲು ಯೋಗೀಶನಿಗೆ ಹೇಳಿದ್ದರು. ಸ್ವಂತವಾಗಿ ಅವನು ಹಿಡಿದ ಮೊದಲ ಕೆಲಸ. ಮುಗಿದು ತಿಂಗಳಾಗುವಷ್ಟರಲ್ಲಿ ಗೋಲಿನ ಮುಂದಿದ್ದ ತೆಂಗಿನ ಮರ ಜೋತುಬಿದ್ದಿತ್ತು.

"ಅರ್ಧ ಅಡಿ ಅಗೆದು, ಒಂದು ರಾತ್ರಿ ಹಂಗೇ ಬಿಟ್ಟು, ಬೆಳಿಗ್ಗೆ ಜಲ್ಲಿ ಹಾಕಿ ದಮ್ಮಸ್ಸು ಮಾಡ್ದೆ. ಬುಡದ ಸುತ್ತ ಎರಡಡಿ ಮಣ್ಣು ಮುಟ್ಟಲೇ ಇಲ್ಲ. ರೇವಣಸಿದ್ದಯ್ಯನೋರು ದೇವರಂಥೋರು ಕಣ್ರೀ. ಜಲ್ಲಿ ಹಾಕಿದ ದಿನ ಎಳನೀರು ಕೆಡವೋಣ ಅಂತ ಆ ಮರ ಹತ್ತೋಕೆ ಹೋದ್ರೆ, ಬ್ಯಾಡ ಇಳಿ ಅಂದು ಬೀದಿ ಗಾಡಿಯಿಂದ ತರಿಸಿಕೊಟ್ರು. ಈಗ ಅವರವ್ವನೇ ನನ್ನನ್ನ ಮರದ ಕೊಲೆಗಾರ ಅಂತಾರೆ."

ಭೈರಮ್ಮ ಚಪ್ಪಲಿ ಮೆಟ್ಟಿದರು.

ಹಿತ್ತಲಲ್ಲಿ ಬಿಸಿಗಾಳಿ. ಹಸಿರು ಟರ್ಫಿನ ನಡುವೆ ಆ ಮರದ ಗರಿಗಳು ಮಡಚಿದ ಕೊಡೆಯಂತೆ ಕಾಂಡಕ್ಕೆ ಅಂಟಿದ್ದವು. ಹತ್ತಡಿ ಆಚೆ, ಟರ್ಫಿನ ಅಂಚಿಗೇ ಇದ್ದ ಇನ್ನೊಂದು ಮರ ಮಾತ್ರ ನಳನಳಿಸುತ್ತಿತ್ತು.

"ಇವನು ಹುಟ್ಟಿದ ವರ್ಷ ನಾನೇ ನೆಟ್ಟಿದ್ದು ಕಣವ್ವ," ಎಂದು ರೇವಣಸಿದ್ದಯ್ಯನ ತಾಯಿ ಸಿದ್ದಗಂಗಮ್ಮ ಮಗನತ್ತ ಕೈ ತೋರಿದರು. "ಟರ್ಫಿಗೆ ಬಳಿದ ಅಂಟೇ ಇದನ್ನ ಕೊಂದಿರೋದು. ಕಿತ್ತು ಬಿಸಾಕಿ!"

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಶ್ರೀನಿವಾಸ್ ಇಣುಕಿದ. "ಅದರ ಕಾಯಿ ಬಿದ್ದು ನಮ್ಮ ಶೀಟು ಮೂರು ಸಲ ಒಡೀತು. ಹೋದ್ರೆ ಹೋಗ್ಲಿ ಬುಡಿ."

ನನಗೆ ರೇಗಿತು. "ನಿಂದೇ ಏನ್ಲಾ ಈ ಕೆಲ್ಸ?"

"ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ ಕಣಯ್ಯ!"

"ಜಗಳ ಬೇಡಿ," ಎಂದ ರೇವಣಸಿದ್ದಯ್ಯ. "ಯೋಗೀಶ ಗೊತ್ತಿಲ್ದೆ ಮಾಡಿರ್ತಾನೆ. ನಾನು ಕಂಪ್ಲೇಂಟ್ ಕೊಡಲ್ಲ."

ಲಿಖಿತಾ ಸ್ಟಿಕ್ಕಿನಿಂದ ನೆಲ ಕುಟ್ಟುತ್ತಿದ್ದಳು. ಹಣೆಯ ಮೇಲೆ ಹೊಲಿಗೆಯ ಗುರುತು. ಭೈರಮ್ಮ ಕೇಳಿದ್ದಕ್ಕೆ, "ಟರ್ಫ್ ಹಾಕೋಕೆ ಮುಂಚೆ ಈ ಮರಕ್ಕೇ ಗುದ್ಕೊಂಡೆ ಆಂಟಿ, ಆರು ಹೊಲಿಗೆ," ಎಂದಳು.

ಎಲ್ಲರೂ ಒಳಗೆ ಹೋದ ಮೇಲೆ ಭೈರಮ್ಮ ಬುಡದ ಪಕ್ಕದ ಟರ್ಫಿನ ಅಂಚು ಎತ್ತಿಸಿದರು. ನಾನು ಜಲ್ಲಿ ಕೆದಕಿದೆ. ಓರೆಯಾಗಿ ಕತ್ತರಿಸಿದ ಒಂದು ಬೇರು. ಅದರ ತುದಿಗೆ ದಾರದಲ್ಲಿ ಬಿಗಿದ ಪ್ಲಾಸ್ಟಿಕ್ ಕವರು.

ನಮ್ಮ ಕಡೆ ಮರಕ್ಕೆ ರೋಗ ಬಂದರೆ ಬೇರಿಗೆ ಔಷಧಿ ಕಟ್ಟುವುದು ಹೀಗೇ. ಮರ ತಾನಾಗಿ ಹೀರಿಕೊಳ್ಳುತ್ತದೆ. ಆದರೆ ಈ ಕವರು ಮೂಗಿಗೆ ಹಿಡಿದರೆ ಕಳೆನಾಶಕದ ಘಾಟು.

"ಯಾರು ಕಟ್ಟಿದ್ದು?" ಎಂದೆ.

"ತೋಟ ಇರೋರಿಗೆಲ್ಲ ಕಟ್ಟೋದು ಗೊತ್ತು, ಹುಚ್ಚಣ್ಣ. ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ಇಲ್ಲೇ ಸೇರಿಸು. ಬರ್ತಾ ಗಾಡಿಯಿಂದ ಆರು ಎಳನೀರು ತಾ."

ಮಾರನೆಯ ದಿನ ಎಲ್ಲರೂ ಬಂದರು. ಕುರ್ಚಿ ಹಾಕಿದ್ದರೂ ಯಾರೂ ಕೂರಲಿಲ್ಲ. ನಾನು ಎಳನೀರು ಕೆತ್ತಿ ಲೋಟಗಳಿಗೆ ಸುರಿದೆ.

"ಇದೇ ಮರದ ಕೊನೇ ಗೊನೆ," ಎಂದರು ಭೈರಮ್ಮ. "ಒಂದೊಂದು ಗುಟುಕು ಕುಡೀರಿ."

ಶ್ರೀನಿವಾಸ್ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ. ರೇವಣಸಿದ್ದಯ್ಯ ಬಾಯಿ ತೆರೆದು, ಮುಚ್ಚಿದ. ಲಿಖಿತಾ ಲೋಟ ತುಟಿಗಿಟ್ಟಳು.

"ಬ್ಯಾಡ!" ರೇವಣಸಿದ್ದಯ್ಯ ಹಾರಿ ಬಂದು ಲೋಟಕ್ಕೆ ಹೊಡೆದ. ಎಳನೀರು ಟರ್ಫಿನ ಮೇಲೆ ಚೆಲ್ಲಿತು. ಎಲ್ಲರೂ ಅವನತ್ತ ತಿರುಗಿದರು.

"ಹೆದರಬೇಡಿ, ಗಾಡಿಯಿಂದ ತಂದಿದ್ದು," ಎಂದು ಭೈರಮ್ಮ ಕವರನ್ನು ಮುಂದೆ ಹಿಡಿದರು. "ಅಂಟಿಂದ ಸಾಯೋದಾದ್ರೆ ಎರಡೂ ಮರ ಒಣಗಬೇಕಿತ್ತು. ಒಣಗಿದ್ದು ಒಂದೇ. ಈ ಕವರು ಜಲ್ಲಿಯ ಕೆಳಗಿತ್ತು. ಅಂದ್ರೆ ಅಗೆತ ಮುಗಿದ ಸಂಜೆಯಿಂದ ಬೆಳಿಗ್ಗೆ ಜಲ್ಲಿ ಬೀಳೋದ್ರೊಳಗೆ ಕಟ್ಟಿದ್ದು. ಶ್ರೀನಿವಾಸ್ ಮೇಲೂ ನನಗೆ ಅನುಮಾನ ಇತ್ತು. ವಿಷ ಇಟ್ಟೋನು ಹಂಗೆ ಕುಡೀತಾನಾ?"

"ಮತ್ತೆ ನನ್ನ ಮಗನೇ ಅಂತ ಹೆಂಗೆ ಹೇಳ್ತೀಯವ್ವ?" ಸಿದ್ದಗಂಗಮ್ಮ ಮುಂದೆ ಬಂದರು.

"ಬೇರಿಗೆ ಔಷಧಿ ಕಟ್ಟಿದ ಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಮುಟ್ಟಬಾರದು. ತೋಟದೋರ ಮೈಗೆ ಹತ್ತಿದ ಅಭ್ಯಾಸ ಇದು. ಜಲ್ಲಿ ಹಾಕಿದ ದಿನ ಮರದ ತುಂಬ ಗೊನೆ ತೂಗಾಡ್ತಿದ್ವು, ಮರ ಹಸುರಾಗೇ ಇತ್ತು. ಅಂಥಾದ್ರಲ್ಲಿ ಕೊಬ್ಬರಿ ವ್ಯಾಪಾರಿ ಎಳನೀರನ್ನ ಗಾಡಿಯಿಂದ ತರಿಸಿದ. ಯಾಕೆ? ಅದರೊಳಗೆ ಏನೈತೆ ಅಂತ ಅವನೊಬ್ಬನಿಗೇ ಗೊತ್ತಿತ್ತು. ಕೆಲಸದೋರ ಜೀವ ಉಳಿಸಿದ ಆ ಮಾತೇ ಅವನನ್ನ ಹಿಡಿದುಕೊಟ್ಟಿತು."

ರೇವಣಸಿದ್ದಯ್ಯ ತಲೆ ಎತ್ತಲಿಲ್ಲ. "ಮಗಳ ಹಣೆ ಒಡೀತು. ಕಡಿಸ್ತೀನಿ ಅಂದ್ರೆ ನೀನು ಬಿಡ್ತಿದ್ಯಾ, ಅವ್ವ?"

"ಶ್ರೀನಿವಾಸ ಕುಡಿಯೋವಾಗ ಬಾಯಿ ಸತ್ತೋಗಿತ್ತೇನಯ್ಯಾ ನಿಂಗೆ?" ನಾನು ಕೈ ಎತ್ತಿಯೇ ಬಿಟ್ಟಿದ್ದೆ. ಭೈರಮ್ಮ ತಡೆದರು.

ಲಿಖಿತಾ ಕಣ್ಣು ಒರೆಸಿಕೊಂಡಳು. "ಅಪ್ಪಾ, ಯಾಕಪ್ಪಾ ಹಿಂಗ್ ಮಾಡ್ದೆ? ನನಗೆ ಎದುರಾಳಿ ಅಂತ ಇದ್ದಿದ್ದು ಆ ಮರ ಒಂದೇ. ಅದನ್ನ ಸುತ್ತು ಹಾಕಿ ಹಾಕಿನೇ ನಾನು ಟೀಮಿಗೆ ಆಯ್ಕೆ ಆಗಿದ್ದು."

ಸಿದ್ದಗಂಗಮ್ಮ ಯೋಗೀಶನ ಕೈ ಹಿಡಿದು, ಮಗನ ಕಡೆ ತಿರುಗಿದರು. "ನಾಳೆ ಕೊಬ್ಬರಿ ಹರಾಜಿನ ಹೊತ್ತಿಗೆ ಮಾರ್ಕೆಟ್ಟಿಗೆ ಹೋಗು. ಎಲ್ಲರ ಮುಂದೆ ನಿನ್ನ ಬಾಯಲ್ಲೇ ಹೇಳು, ಮರ ಕೊಂದಿದ್ದು ಈ ಹುಡುಗನ ಟರ್ಫಲ್ಲ, ನಾನು ಅಂತ. ಸಂಜೆ ಮನೆಗೆ ಬಂದು, ಒಣಗಿದ ಮರ ತೆಗೆಸಿ, ಆ ಜಾಗದಲ್ಲಿ ನೀನೇ ನಿಂತ್ಕೋ. ಮಗಳು ಸುತ್ತು ಹಾಕ್ಲಿ."

ಅವನು ಹೇಳಿದ. ಕೇಳುವುದಕ್ಕೇ ನಾನು ಡ್ಯೂಟಿ ಬದಲಾಯಿಸಿಕೊಂಡು ಹೋಗಿದ್ದೆ. ಅದೇ ವಾರ ಯೋಗೀಶನಿಗೆ ತುರುವೇಕೆರೆಯಿಂದ ಕೆಲಸಕ್ಕೆ ಕರೆ ಬಂತು.

ಈಗಲೂ ಸಂಜೆ ಆ ಬೀದಿಯಲ್ಲಿ ಹೋದರೆ ಸಿದ್ದಗಂಗಮ್ಮನ ಗದರಿಕೆ ಕೇಳುತ್ತದೆ: "ಅಲ್ಲಾಡಬ್ಯಾಡ ಕಣ್ಲಾ! ಮರ ಅಲ್ಲಾಡ್ತಿತ್ತೇನೋ?"