ಅಚಾ ಹೇಳಿದ ‘ಇಲ್ಲ’

ಹಿಂದಿನ ಬೆಂಚಿನಿಂದ ಯಾರೋ ನಕ್ಕರು.

ಅಚಾ ಓದುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಇನರಾಹನ್ ಹಳ್ಳಿಯ ಸಭಾಭವನ ಕಿಕ್ಕಿರಿದಿತ್ತು. ಮುಂದಿನ ಸಾಲಿನ ಮುದುಕಿಯೊಬ್ಬಳು ಗಾಬರಿಯಿಂದ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು.

“ಏನಾಯ್ತು?” ಅಚಾ ಕೇಳಿದಳು.

ನಕ್ಕವನು ಎದ್ದು ನಿಂತ. “ದ್ವೀಪದ ಗಂಡುಮಕ್ಕಳಿಗೂ ರಕ್ತಕ್ಕೂ ಸಮಾನ ಹಕ್ಕು ಅಂದ್ರಲ್ಲ! ನಮ್ಮ ಭಾಷೇಲಿ ಆ ಪದದ ಕೊನೇಲಿ ಉಸಿರನ್ನ ಗಂಟಲಲ್ಲೇ ಹಿಡಿದ್ರೆ ರಕ್ತ ಅಂತ ಅರ್ಥ. ಹಿಡೀದೆ ಬಿಟ್ರೆ ಮಗಳು. ಹೆಣ್ಣುಮಕ್ಕಳು ಅಂತ ಹೇಳೋಕೆ ಹೊರಟಿದ್ರಿ, ಅಲ್ವಾ?”

ಭವನವೆಲ್ಲ ಗೊಳ್ಳೆಂದಿತು. ಅಚಾಳ ಕಿವಿ ಬಿಸಿಯಾಯಿತು.

ದ್ವೀಪವನ್ನು ಆಳುತ್ತಿದ್ದ ಅಮೆರಿಕದ ಸಂಸತ್ತು ಕಾಯ್ದೆ ಮಾಡಿ, ಗುವಾಮ್ ದ್ವೀಪದವರು ತಮ್ಮ ಸಂವಿಧಾನವನ್ನು ತಾವೇ ಬರೆದುಕೊಳ್ಳಬಹುದು ಎಂದಿತ್ತು. ಬರೆದವರಲ್ಲಿ ಅಚಾಳ ದೊಡ್ಡಪ್ಪ ಗ್ರೆಗೋರಿಯೊ ಕೂಡ ಒಬ್ಬ. ಆಗಸ್ಟಿನಲ್ಲಿ ಜನ ಮತ ಹಾಕಿ ಅದಕ್ಕೆ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕಿತ್ತು. ಇಂಗ್ಲಿಷ್ ಬಾರದ ಹಿರಿಯರಿಗೆ ಕರಡನ್ನು ಚಮೋರೊ ಭಾಷೆಯಲ್ಲಿ ಓದಿ ಹೇಳುವ ಕೆಲಸವನ್ನು ದೊಡ್ಡಪ್ಪ ಅವಳಿಗೆ ಒಪ್ಪಿಸಿದ್ದ. ಆದರೆ ಚಮೋರೊ ಆಡಿದರೆ ಬೆತ್ತದ ಏಟು ಬೀಳುತ್ತಿದ್ದ ಶಾಲೆಯಲ್ಲಿ ಓದಿ, ಕಾಲೇಜನ್ನು ಹವಾಯಿಯಲ್ಲಿ ಮುಗಿಸಿ ಬಂದವಳು ಅವಳು. ಸ್ವಂತ ಭಾಷೆ ಅವಳ ನಾಲಿಗೆಗೆ ಎರವಲು ಚಪ್ಪಲಿಯ ಹಾಗಿತ್ತು.

ಸಭೆ ಮುಗಿದಾಗ ಅವನು ಬಾಗಿಲಲ್ಲೇ ನಿಂತಿದ್ದ. “ನಾನು ಹ್ವಾಕಿನ್. ಎಲ್ಲರೂ ಕಿನ್ ಅಂತಾರೆ. ಸ್ಕೂಲಲ್ಲಿ ಚಮೋರೊ ಪಾಠ ಮಾಡ್ತೀನಿ. ಕೋಪಾನಾ?”

“ಇಲ್ಲಪ್ಪಾ, ತುಂಬಾ ಖುಷಿ! ಊರೆಲ್ಲ ನಗೋ ಹಾಗೆ ಮಾಡಿದ್ರಲ್ಲ.”

“ಹಾಗಾದ್ರೆ ತಪ್ಪುಕಾಣಿಕೆ ಕೊಡ್ತೀನಿ. ಕರಡನ್ನ ಪೂರ್ತಿ ನಮ್ಮ ಭಾಷೆಗೆ ತರೋಣ, ಇಬ್ಬರೂ ಕೂತು.”

“ನೀವು ‘ಹೌದು’ ಕಡೆಯವರಾ?”

“‘ಇಲ್ಲ’ ಕಡೆಯವನು.” ಅವನ ಕಣ್ಣಂಚಿನಲ್ಲಿ ನಗು ಕುಣಿಯಿತು. “ಆದ್ರೆ ಬೇಡ ಅನ್ನೋರೂ ಅರ್ಥ ಮಾಡ್ಕೊಂಡು ಬೇಡ ಅನ್ನಲಿ.”

ಅಂದಿನಿಂದ ಸಂಜೆಗಳೆಲ್ಲ ಸಮುದ್ರದ ಪಕ್ಕದ ಕೊಳದ ಬಂಡೆಗಳ ಮೇಲೆ ಕಳೆದವು. ಹಾಳೆ ಹಾರದಂತೆ ಅವನು ತನ್ನ ಚಪ್ಪಲಿ ಇಡುತ್ತಿದ್ದ. ಅವನ ಅಜ್ಜಿ ಕಟ್ಟಿಕೊಟ್ಟ ಕೆಂಪನ್ನ, ಸುಟ್ಟ ಮೀನನ್ನು ಇಬ್ಬರೂ ಒಂದೇ ಎಲೆಯಲ್ಲಿ ತಿನ್ನುತ್ತಿದ್ದರು. ಅವಳು ಪದ ಹುಡುಕುತ್ತ ತುಟಿ ಕಚ್ಚಿಕೊಂಡರೆ, ಅವನು ಪದ ಗೊತ್ತಿದ್ದರೂ ಹೇಳದೆ ಆ ತುಟಿಯನ್ನೇ ನೋಡುತ್ತಿದ್ದ.

“ಏನು ನೋಡ್ತಿದೀಯ?”

“ವ್ಯಾಕರಣ.”

“ಸುಳ್ಳುಗಾರ.” ಅವಳು ಮೀನಿನ ಮುಳ್ಳೊಂದನ್ನು ಅವನ ಮೇಲೆ ಎಸೆದಳು. ನಗು ಮಾತ್ರ ತಡೆಯಲಾಗಲಿಲ್ಲ.

ಜಗಳವೂ ಆಗುತ್ತಿತ್ತು. “ಅಮೆರಿಕದವರದೇ ಯಜಮಾನಿಕೆ ಅಂತ ಒಪ್ಪಿಕೊಂಡ ಮೇಲೆ, ಅವರ ಅಪ್ಪಣೆ ತಗೊಂಡು ಬರೆದಿದ್ದು ನಮ್ಮದು ಹೇಗಾಗುತ್ತೆ?” ಎಂದು ಅವನು ಕೇಳುತ್ತಿದ್ದ.

“ಏನೂ ಇಲ್ದೆ ಇರೋದಕ್ಕಿಂತ ಇಷ್ಟಾದ್ರೂ ಸಿಗ್ತಲ್ಲ,” ಎನ್ನುತ್ತಿದ್ದಳು ಅವಳು. ಜಗಳ ಮುಗಿಯುವ ಹೊತ್ತಿಗೆ ಅವಳ ಕೈ ಅವನ ಕೈಯೊಳಗಿರುತ್ತಿತ್ತು.

ಅನುವಾದ ಮುಗಿಯಿತು. ದೊಡ್ಡಪ್ಪ ಓದಿ ಕಣ್ಣೊರೆಸಿಕೊಂಡ. “ನಮ್ಮಮ್ಮ ಮಾತಾಡಿದ ಹಾಗಿದೆ. ಎಲ್ಲ ನೀನೇ ಬರೆದ್ಯಾ ಮಗಳೇ?”

‘ಇಲ್ಲ’ ಕಡೆಯವನ ಹೆಸರು ಹೇಳಲು ಅಚಾಗೆ ಧೈರ್ಯ ಬರಲಿಲ್ಲ. ಅವಳು ಹೌದೆಂದು ತಲೆಯಾಡಿಸಿದಳು.

“ಮನೇಲಿ ಹೇಳ್ದ್ಯಾ, ನಮ್ಮ ವಿಷಯ?” ಕಿನ್ ಕೇಳಿದಾಗಲೆಲ್ಲ, “ಹೇಳ್ತೀನಿ, ಸಮಯ ನೋಡಿ,” ಎಂದು ಜಾರಿಕೊಂಡಳು.

ಒಂದು ಭಾನುವಾರ ಚರ್ಚಿನ ಪೂಜೆಯ ನಂತರ ದೊಡ್ಡ ಸಭೆ ಸೇರಿತು. ಗ್ರೆಗೋರಿಯೊ ಮಾತಾಡಿ ಕೂತ ಕೂಡಲೇ ಕಿನ್ ಎದ್ದ. “ದೊಡ್ಡವರೇ, ಇದು ನಮ್ಮ ಸಂವಿಧಾನ ಅಂತೀರಿ. ಆದ್ರೆ ಅವರ ಕಾಯ್ದೆಯ ಬೇಲಿಯೊಳಗೇ ಇದೆ. ಇದರ ಒಂದೊಂದು ಪದಾನೂ ನನಗೆ ಗೊತ್ತು. ನಮ್ಮ ಭಾಷೆಗೆ ತಂದವನೇ ನಾನು.”

ಗ್ರೆಗೋರಿಯೊ ನಕ್ಕ. “ಯಾರಪ್ಪ ನೀನು? ಅದನ್ನ ಬರೆದೋಳು ನನ್ನ ತಮ್ಮನ ಮಗಳು.” ಪಕ್ಕಕ್ಕೆ ತಿರುಗಿದ. “ಅಚಾ, ಇವನು ನಿನಗೆ ಗೊತ್ತಾ? ಇವನೇನಾದ್ರೂ ಬರೆದುಕೊಟ್ನಾ?”

ಕಿನ್ ಅವಳನ್ನೇ ನೋಡುತ್ತಿದ್ದ. ಹೇಳಿಬಿಡು ಎನ್ನುವಂತಿತ್ತು ಆ ನೋಟ. ಊರಿನ ಕಣ್ಣುಗಳೆಲ್ಲ ಅವಳ ಮೇಲಿದ್ದವು.

“ಇಲ್ಲ,” ಎಂದಳು ಅಚಾ. “ನನಗಿವರು ಗೊತ್ತಿಲ್ಲ.”

“ತೈಮಮಾಹ್ಲಾವ್!” ಯಾರೋ ಕೂಗಿದರು. ನಾಚಿಕೆಗೆಟ್ಟವನು. ಆ ದ್ವೀಪದಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಕಿನ್, ತಲೆತಗ್ಗಿಸಿ ಕೂತಿದ್ದ ಅಜ್ಜಿಯ ತೋಳು ಹಿಡಿದು ಎಬ್ಬಿಸಿ, ನಿಧಾನವಾಗಿ ಹೊರಗೆ ಕರೆದೊಯ್ದ.

ಆಮೇಲೆ ಅಚಾಗೆ ಊಟ ಸೇರಲಿಲ್ಲ. ಕನ್ನಡಿಯ ಮುಂದೆ ನಿಲ್ಲಲಾಗಲಿಲ್ಲ. ಊರವರು “ಎಷ್ಟು ಚೆನ್ನಾಗಿ ಬರೆದೆಯಮ್ಮ” ಎಂದಾಗಲೆಲ್ಲ ಕೆನ್ನೆಗೆ ಬಾರಿಸಿದಂತಾಗುತ್ತಿತ್ತು. ಕೊಳದ ಹತ್ತಿರ ಹೋಗಿ ಕಾದಳು. ಅವನು ಬರಲಿಲ್ಲ.

ಚರ್ಚಿನ ಮೆಟ್ಟಿಲ ಮೇಲೆ ಅವನ ಅಜ್ಜಿ ಎದುರಾದಳು. ಹಿರಿಯರ ಕೈಯನ್ನು ಮೂಗಿಗೆ ತಾಗಿಸಿ ಗೌರವಿಸುವುದು ಅಲ್ಲಿಯ ವಾಡಿಕೆ. ಅಚಾ ಬಗ್ಗಿದಳು. ಅಜ್ಜಿ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡಳು.

“ಬೇಡ ಕಣವ್ವಾ. ನಾನು ನಿನಗೆ ಗೊತ್ತಿಲ್ದೋಳು.”

ಅಷ್ಟೇ ಅಂದಳು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಚಾ ಬಗ್ಗಿದವಳು ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದಳು. ಜನ ಅವಳ ಪಕ್ಕದಿಂದ ಸರಿದು ಮೆಟ್ಟಿಲಿಳಿದರು.

ಮತದಾನಕ್ಕೆ ಮುಂಚಿನ ಕೊನೆಯ ಸಭೆ. ಅದೇ ಭವನ. ದೊಡ್ಡಪ್ಪ ಹೆಮ್ಮೆಯಿಂದ ಅವಳ ಹೆಸರು ಕರೆದ. ಅವಳು ಹಾಳೆ ಬಿಡಿಸಲಿಲ್ಲ.

“ಇದನ್ನ ಬರೆದೋಳು ನಾನಲ್ಲ,” ಎಂದಳು. “ಕಿನ್ ಬರೆದ. ನಾನು ಪಕ್ಕದಲ್ಲಿ ಕೂತು ಅನ್ನ ತಿಂದೆ. ನನಗವನು ಚೆನ್ನಾಗಿ ಗೊತ್ತು. ನಾಚಿಕೆಗೆಟ್ಟೋಳು ನಾನು, ಅವನಲ್ಲ.”

ದೊಡ್ಡಪ್ಪ ಟೋಪಿ ಎತ್ತಿಕೊಂಡು ಅವಳತ್ತ ನೋಡದೆ ಹೊರಟುಹೋದ.

ಮರುದಿನ ಸಂಜೆ ಕಿನ್ ಬಂಡೆಯ ಮೇಲೆ ಕೂತಿದ್ದ. ಅವಳು ತುಸು ದೂರದಲ್ಲಿ ಕೂತಳು.

“ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ.”

“ನನಗೂ ಇಲ್ಲ,” ಅಂದ ಅವನು. “ಅವತ್ತು ಎದ್ದು ನಿಂತಿದ್ದು ಸಂವಿಧಾನಕ್ಕೋಸ್ಕರ ಮಾತ್ರ ಅಂದ್ಕೊಂಡಿದ್ಯಾ? ನೀನು ನನ್ನೋಳು ಅಂತ ಊರಿಗೆ ಗೊತ್ತಾಗ್ಲಿ ಅಂತಾನೂ ಇತ್ತು. ನೀನು ಹೇಳ್ಲಿಲ್ಲ, ಅದಕ್ಕೆ ನಾನು ಹೇಳಿಸೋಕೆ ಹೋದೆ. ಬೇಲಿ ಬೇಡ ಅಂತ ಭಾಷಣ ಮಾಡ್ತಾ ನಿನ್ನನ್ನೇ ಮೂಲೆಗೆ ತಳ್ಳಿದೆ.”

ಅಲೆಯೊಂದು ಬಂಡೆ ಹತ್ತಿ ಇಬ್ಬರ ಪಾದವನ್ನೂ ನೆನೆಸಿತು.

“ನಾನು ‘ಹೌದು’ ಅಂತಾನೇ ಹಾಕ್ತೀನಿ,” ಅಂದಳು ಅವಳು, ಮೂಗೊರೆಸಿಕೊಳ್ಳುತ್ತ.

“ಹಾಕು. ನಾನು ‘ಇಲ್ಲ’ ಹಾಕ್ತೀನಿ. ಇಬ್ಬರೂ ಒಟ್ಟಿಗೇ ಹೋಗೋಣ.”

ಅವನು ದೂರವನ್ನು ಕಣ್ಣಲ್ಲೇ ಅಳೆದು, ಸರಿದು ಬಂದು ಪಕ್ಕದಲ್ಲಿ ಕೂತ.

ದ್ವೀಪ ದೊಡ್ಡ ಅಂತರದಲ್ಲಿ ‘ಇಲ್ಲ’ ಎಂದಿತು. ಫಲಿತಾಂಶ ಬಂದ ಮಧ್ಯಾಹ್ನ ಅಚಾ ಕಿನ್‌ನನ್ನು ಕರೆದುಕೊಂಡು ದೊಡ್ಡಪ್ಪನ ಮನೆಗೆ ಹೋದಳು. ಗೆಲುವಿನ ಊಟಕ್ಕೆಂದು ಅಂಗಳದಲ್ಲಿ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಬಂದವರು ಯಾರೂ ಇರಲಿಲ್ಲ. ಕೋಳಿಯ ಮೇಲೆ ನೊಣ ಕೂರದಂತೆ ಮುದುಕ ಒಬ್ಬನೇ ಬೀಸಣಿಗೆ ಆಡಿಸುತ್ತಿದ್ದ.

ಅಚಾ ಅಂಗಳದ ಅಂಚಿನಲ್ಲೇ ನಿಂತಳು. ಈ ಮುದುಕನ ತಲೆಯನ್ನೂ ಊರ ಮುಂದೆ ತಗ್ಗಿಸಿದವಳು ತಾನೇ.

ಗ್ರೆಗೋರಿಯೊ ತಲೆಯೆತ್ತದೆ ಕೇಳಿದ: “ಯಾರು ಜೊತೆಗಿರೋದು?”

ಅಚಾಗೆ ನಾಚಿಕೆ ಇನ್ನೂ ಹಾಗೇ ಇತ್ತು, ಮಾತು ಮಾತ್ರ ತಡೆಯದೆ ಬಂತು.

“ಕಿನ್, ದೊಡ್ಡಪ್ಪ. ನಾನು ಮದುವೆ ಆಗೋನು.”

ಮುದುಕ ಬೀಸಣಿಗೆ ನಿಲ್ಲಿಸಿದ. ಕಿನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಇವನೇನಾ, ನಮ್ಮಮ್ಮನ ಹಾಗೆ ಬರೆಯೋನು?”

“ಹೌದು,” ಅಂದಳು ಅಚಾ.

ಗ್ರೆಗೋರಿಯೊ ಎರಡು ತಟ್ಟೆಗಳನ್ನು ಅವರತ್ತ ತಳ್ಳಿದ.