ಬ್ಯಾಗಿನೊಳಗಿನ ಎಡಗಾಲ ಶೂ

ಕಂದಕದ ತಳದಲ್ಲಿ ಬ್ಯಾಗು ಸಿಕ್ಕಿತು. ಹೆಂಡತಿ ಸಿಗಲಿಲ್ಲ.

ಆ ಕೆಂಪು ಬ್ಯಾಗನ್ನು ಠಾಣೆಯ ಮೇಜಿನ ಮೇಲಿಟ್ಟ ಕೂಡಲೇ ಗಂಡ ಅದನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ಇನ್ಸ್‌ಪೆಕ್ಟರ್ ಕೈಕಟ್ಟಿಕೊಂಡು ನೋಡಿದಳು. ಅಳುವ ಗಂಡಸರನ್ನು ಕಂಡರೆ ಅವಳಿಗೆ ಕನಿಕರವಿತ್ತು. ಅಳುತ್ತಲೇ ಕಿಟಕಿ ಗಾಜಿನಲ್ಲಿ ಕೂದಲು ಸರಿಮಾಡಿಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತಿತ್ತು.

ಈತ ಹೆಂಡತಿಯ ಜೊತೆ ಇಡೀ ಪರ್ವತಸಾಲನ್ನು ನಡೆದೇ ದಾಟಲು ಹೊರಟವನು. ದಾರಿಯುದ್ದಕ್ಕೂ ವಿಡಿಯೊ. ಅದಕ್ಕೆ ‘ಜೋಡಿ ಹೆಜ್ಜೆ’ ಎಂಬ ಹೆಸರು ಬೇರೆ. ಬೆನ್ನ ಹೊರೆಯನ್ನು ಗ್ರಾಂ ಲೆಕ್ಕದಲ್ಲಿ ಇಳಿಸುವುದು ಹೇಗೆಂದು ಊರಿಗೆಲ್ಲ ಉಪದೇಶ. ಟೂತ್‌ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ್ದ. “ಒಬ್ಬರಿಗೆ ಒಂದೇ ಜೊತೆ ಶೂ. ಚಪ್ಪಲಿ ಕೂಡ ಬೇಡ. ಬೆಟ್ಟದಲ್ಲಿ ಒಂದು ಚೂರು ಕಸವನ್ನೂ ಬಿಟ್ಟು ಬರಬೇಡಿ” ಎಂದು ಬೆರಳೆತ್ತಿ ಹೇಳುತ್ತಿದ್ದ. ಠಾಣೆಯವರು ಆಗಲೇ ಅವನಿಗೆ ‘ಗ್ರಾಂ ಸಾಹೇಬ’ ಎಂದು ಹೆಸರಿಟ್ಟಿದ್ದರು.

“ಹೇಗೆ ಬಿದ್ದರು?” ಇನ್ಸ್‌ಪೆಕ್ಟರ್ ಕೇಳಿದಳು.

“ಬೆಳಿಗ್ಗೆ ಕಂದಕದ ಅಂಚಲ್ಲಿ ನಡೀತಿದ್ವಿ. ನನ್ನ ಹಿಂದೆ ಇದ್ದಳು. ಕಾಲು ಜಾರಿ, ಬ್ಯಾಗ್ ಸಮೇತ...”

“ನಿನ್ನೆ ರಾತ್ರಿ ಎಲ್ಲಿದ್ರಿ?”

“ಹೊಳೆ ಪಕ್ಕ, ಟೆಂಟಲ್ಲಿ. ಬೆಳಗಿನ ತನಕ ಮಳೆ ಸುರೀತಾ ಇತ್ತು. ನನ್ನ ಕೈ ಹಿಡ್ಕೊಂಡೇ ಮಲಗಿದ್ದಳು ಮೇಡಂ.”

“ಮೇಲೆ ಹಳೇ ಕಲ್ಲುಮನೆ ಇದೆಯಲ್ಲ?”

“ಆ ಕಡೆ ಹೋಗ್ಲೇ ಇಲ್ಲ.” ಅವನು ಎದ್ದು ನಿಂತ. “ನನ್ನ ಬಿಟ್ಬಿಡಿ. ನಾನೊಬ್ನೇ ಮೇಲೆ ಹೋಗಿ ಹುಡುಕ್ತೀನಿ.”

ಹೆಡ್ ಕಾನ್‌ಸ್ಟೇಬಲ್ ಕಣ್ಣೊರೆಸಿಕೊಂಡ. ಇನ್ಸ್‌ಪೆಕ್ಟರ್ ಒರೆಸಿಕೊಳ್ಳಲಿಲ್ಲ. “ಕೂತ್ಕೊಳ್ಳಿ” ಎಂದಳು.

ಕೂತವನಿಗೆ ಹೊಸದೊಂದು ನೆನಪಾಯಿತು. ತಪ್ಪಲಿನ ಲಾಡ್ಜಿನಲ್ಲಿ ಕಂಡ ಒಬ್ಬ ಗಡ್ಡದವನು ತಮ್ಮ ಬೆನ್ನು ಬಿದ್ದಿದ್ದನಂತೆ. ಅವನೇ ತಳ್ಳಿದನೋ ಏನೋ!

ಹೆಡ್ ಕಾನ್‌ಸ್ಟೇಬಲ್ ಓಡಿದ. ಹೋದಷ್ಟೇ ಬೇಗ ಪೆಚ್ಚು ಮುಖ ಹಾಕಿಕೊಂಡು ಬಂದ.

“ಗಡ್ಡದವನು ಮೊನ್ನೆಯಿಂದ ಆಸ್ಪತ್ರೇಲಿದ್ದಾನೆ ಮೇಡಂ. ಭೇದಿ. ಬೆನ್ನು ಬೀಳೋದಿರಲಿ, ಹಾಸಿಗೆಯಿಂದ ಏಳೋಕೂ ಆಗ್ತಿಲ್ಲ.”

* * *

ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಅಕ್ಕ ಬಂದಳು. ತಂಗಿಯ ಗಂಡನತ್ತ ತಿರುಗಿಯೂ ನೋಡದೆ ಇನ್ಸ್‌ಪೆಕ್ಟರ್ ಮುಂದೆ ನಿಂತಳು.

“ಮೊನ್ನೆ ಫೋನ್ ಮಾಡಿದ್ಲು. ಕೆಳಗಿಳಿದ ತಕ್ಷಣ ಇವನನ್ನ ಬಿಟ್ಟುಬಿಡ್ತೀನಿ ಅಂದ್ಲು. ಇವತ್ತು ರಾತ್ರಿ ಮೇಲೆ ಹಿಮ ಬೀಳುತ್ತಂತೆ ಮೇಡಂ. ಬದುಕಿದ್ರೆ ಸಂಜೆಯೊಳಗೆ ಹುಡುಕಿಕೊಡಿ.”

ಇನ್ಸ್‌ಪೆಕ್ಟರ್ ಕೆಂಪು ಬ್ಯಾಗು ಬಿಚ್ಚಿದಳು. ಮಲಗುಚೀಲ. ಬಟ್ಟಲು. ತಳದಲ್ಲಿ ಹೆಂಗಸಿನ ಜಾಕೆಟ್, ನೀಟಾಗಿ ಮಡಿಸಿದ್ದು. ಅದರೊಳಗೆ ಒಂದು ಶೂ, ಎಡಗಾಲಿನದು.

“ಇದು ಅವಳದ್ದೇ” ಎಂದಳು ಅಕ್ಕ. “ಬೇರೆ ಜೊತೆ ತರೋಕೆ ಇವನು ಬಿಟ್ಟಿದ್ರೆ ತಾನೆ?”

ಇನ್ಸ್‌ಪೆಕ್ಟರ್ ಗಂಡನ ಬ್ಯಾಗಿಗೆ ಕೈ ಹಾಕಿ ಟೆಂಟನ್ನು ಹೊರಗೆಳೆದಳು. ಬಿಡಿಸಿದಳು. ಕೊಡವಿದಳು. ಒಣ ಧೂಳು ಹಾರಿ ಅವಳಿಗೆ ಸೀನು ಬಂತು. ಮೂಗೊರೆಸಿಕೊಳ್ಳುತ್ತಲೇ ವೈರ್‌ಲೆಸ್ ಎತ್ತಿ, ಕಂದಕದಲ್ಲಿ ಹುಡುಕುತ್ತಿದ್ದವರನ್ನು ಕರೆದಳು.

“ಕಂದಕ ಬಿಡಿ. ಕಲ್ಲುಮನೆಗೆ ಓಡಿ. ಡಾಕ್ಟರನ್ನೂ ಕರ್ಕೊಂಡು ಹೋಗಿ.”

ಗ್ರಾಂ ಸಾಹೇಬನ ಅಳು ನಿಂತಿತು.

* * *

ಕಾಯುವ ಹೊತ್ತು ಅಕ್ಕ ಬೆಂಚಿನ ತುದಿಯಲ್ಲಿ ಸೆರಗು ಹಿಂಡುತ್ತ ಕೂತಳು. ಕೊನೆಗೂ ವೈರ್‌ಲೆಸ್ ಗೊರಗುಟ್ಟಿತು.

“ಸಿಕ್ಕಿದ್ರು ಮೇಡಂ! ಬಾಗಿಲಿಗೆ ಹೊರಗಿನಿಂದ ಮರದ ದಿಮ್ಮಿ ಅಡ್ಡ ಕೊಟ್ಟಿತ್ತು. ಎಡಗಾಲು ಮುರಿದಿದೆ. ಮೈ ತಣ್ಣಗಿದೆ, ಆದ್ರೆ ಮಾತಾಡ್ತಿದ್ದಾರೆ.”

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಇನ್ಸ್‌ಪೆಕ್ಟರ್ ಅವಳ ಭುಜ ಹಿಡಿದು, ಆಮೇಲೆ ಗಂಡನತ್ತ ತಿರುಗಿದಳು. ಬಹುವಚನ ಮುಗಿದಿತ್ತು.

“ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಟೆಂಟಲ್ಲಿ ಧೂಳು ಹೇಗಯ್ಯಾ ಬರುತ್ತೆ? ನೀವಿಬ್ರೂ ಮಲಗಿದ್ದು ಸೂರಿನ ಕೆಳಗೆ. ಆ ದಾರೀಲಿ ಇರೋ ಸೂರು ಕಲ್ಲುಮನೆ ಒಂದೇ. ಇನ್ನು ಶೂ. ಇರೋದೇ ಒಂದು ಜೊತೆ. ಅದರಲ್ಲಿ ಒಂದು ಬ್ಯಾಗೊಳಗಿದ್ರೆ, ಅವಳು ಕಂದಕದ ಅಂಚಲ್ಲಿ ಒಂಟಿಕಾಲಲ್ಲಿ ಕುಂಟಾಬಿಲ್ಲೆ ಆಡ್ತಿದ್ಲಾ?”

ಅವನು ನೆಲ ನೋಡಿದ.

“ನಿನ್ನೆ ದಾರೀಲಿ ಬಿದ್ದು ಕಾಲು ಮುರಿದು, ಊದಿ, ಶೂ ಬಿಚ್ಚಿದ್ಲು. ಅವಳು ತೆವಳಿಕೊಂಡೂ ಬರಬಾರದು ಅಂತ ಅದನ್ನೂ ಜಾಕೆಟನ್ನೂ ಕಿತ್ಕೊಂಡೆ. ದಾರೀಲಿ ಎಲ್ಲಾದ್ರೂ ಬಿಸಾಡಿದ್ರೆ ನಾನು ಪೆದ್ದಿ ಆಗ್ತಿದ್ದೆ. ನಿನಗೆ ಅಭ್ಯಾಸ ಬಿಡಬೇಕಲ್ಲ! ಮಡಿಸಿ ಅವಳ ಬ್ಯಾಗಿಗೆ ತುಂಬಿದೆ, ಅವಳು ಬಿದ್ಲು ಅಂತ ತೋರಿಸೋಕೆ ಆ ಬ್ಯಾಗನ್ನೇ ಕಂದಕಕ್ಕೆ ಎಸೆದೆ. ಬೆಟ್ಟದಲ್ಲಿ ಕಸ ಬಿಡಬಾರದು, ಹೆಂಡತೀನ ಬಿಡಬಹುದು. ಅಲ್ವಾ?”

“ಅವಳು ಬಿಟ್ಟು ಹೋದ್ರೆ ಜನ ನಗ್ತಿದ್ರು” ಎಂದು ಅವನು ಗೊಣಗಿದ. “ನಾನೇನೂ ಕೊಲ್ಲಲಿಲ್ಲ.”

“ಅದನ್ನ ಚಳಿಗೆ ವಹಿಸಿದ್ದೆ. ಚಳಿ ಕೆಲಸ ಮುಗಿಸಿದ ಮೇಲೆ ಒಬ್ಬನೇ ಹೋಗಿ ಅವಳನ್ನ ಕಂದಕಕ್ಕೆ ತಳ್ಳೋದು. ಅದಕ್ಕೇ ಬೆಳಿಗ್ಗೆ ಆ ಅವಸರ. ಥೂ! ಜೀವನದಲ್ಲಿ ಏನನ್ನಾದ್ರೂ ನೀನೇ ಹೊತ್ತಿದ್ದೀಯೇನೋ?”

ಹೆಡ್ ಕಾನ್‌ಸ್ಟೇಬಲ್ ಅವನ ರಟ್ಟೆ ಹಿಡಿದು ಲಾಕಪ್ಪಿಗೆ ನೂಕಿದ. ಬೆಳಿಗ್ಗೆ ಕಣ್ಣೊರೆಸಿಕೊಂಡ ನಾಚಿಕೆಗೆ ಸ್ವಲ್ಪ ಜೋರಾಗಿಯೇ ನೂಕಿದ.

* * *

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಇಳಿಸಿದರು. ಕಂಬಳಿಯೊಳಗಿಂದ ಹೆಂಡತಿ ಅಕ್ಕನ ಕೈ ಹಿಡಿದುಕೊಂಡಳು. ಇನ್ಸ್‌ಪೆಕ್ಟರನ್ನು ಕಂಡು ಬಿರಿದ ತುಟಿಯಲ್ಲೇ ಕೇಳಿದಳು.

“ನನ್ನ ಶೂ ಸಿಕ್ತಾ ಮೇಡಂ?”

“ಸಿಕ್ತು. ಕೋರ್ಟಿಗೆ ಬೇಕು, ಕೊಡೋಕಾಗಲ್ಲ. ಹೊಸದು ತಗೊಳ್ಳಮ್ಮ” ಎಂದಳು ಇನ್ಸ್‌ಪೆಕ್ಟರ್. “ಈ ಸಲ ಎರಡು ಜೊತೆ ತಗೋ.”