ಸೊನ್ನೆಗೆ ಬಾರದ ಉಸಿರು

"ಇದನ್ನ ತೊಳೆದೋರು ಯಾರು?"

ಬಾಗಿಲು ತಳ್ಳಿಕೊಂಡು ಬಂದವಳ ಕೈಯಲ್ಲಿ ಬೆರಳುದ್ದದ ಗಾಜಿನ ನಳಿಕೆ. ಮೂಗಿನ ತುದಿಯಲ್ಲಿ ಸಿಟ್ಟು.

ಗಾಜಿನ ವರ್ಕ್‌ಶಾಪಿನ ಯಜಮಾನರು ಆಗಷ್ಟೇ ಚಹಾ ಲೋಟ ಬಾಯಿಗಿಟ್ಟಿದ್ದರು. ಎದುರಿಗೆ ಕೂತಿದ್ದ ಯುವಕನತ್ತ ಗಲ್ಲ ಎತ್ತಿ ತೋರಿಸಿ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿಬಿಟ್ಟರು.

ಯುವಕ ಉತ್ತರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ. ಅವನ ಬಾಯಲ್ಲಿ ರಬ್ಬರ್ ಕೊಳವೆ. ಅದರ ಇನ್ನೊಂದು ತುದಿಯಲ್ಲಿ, ನೀಲಿ ಬೆಂಕಿಯಲ್ಲಿ ಕೆಂಪಾಗುತ್ತಿದ್ದ ಗಾಜು. ಗಾಜು ತಿರುಗಿಸುತ್ತಿದ್ದ ಕೈಯ ಒಂದು ಬೆರಳನ್ನಷ್ಟೇ ಎತ್ತಿ 'ತಾಳಿ' ಎಂದು ಸನ್ನೆ ಮಾಡಿದ.

ತಾಳಬೇಕಂತೆ! ಮೂರು ದಿನದಿಂದ ಪ್ರಯೋಗ ಕೆಟ್ಟು ಕೂತಿದೆ, ಇವರಿಗಾಗಿ ತಾಳಬೇಕಂತೆ!

ಅಷ್ಟರಲ್ಲಿ ಅವನು ಊದಿದ. ಜೋರಾಗಿ ಅಲ್ಲ, ಮಲಗಿದ ಮಗುವಿನ ಹಣೆಯ ಮೇಲಿನ ಕೂದಲು ಸರಿಸಲು ಊದುವಷ್ಟು. ಗಾಜು ಮೆಲ್ಲಗೆ ಉಬ್ಬಿ ದುಂಡಗಾಯಿತು. ಬೈಯಲು ಬಂದವಳು ಬೈಗುಳ ಮರೆತು ನೋಡುತ್ತ ನಿಂತಳು.

"ಈಗ ಬೈಯಿರಿ," ಎಂದ ಅವನು ಕೊಳವೆಯನ್ನು ಬಾಯಿಂದ ತೆಗೆದು. "ಊದೋವಾಗ ಬೈಸಿಕೊಂಡ್ರೆ ಗಾಜು ಸೊಟ್ಟ ಆಗುತ್ತೆ."

"ಇದನ್ನ ಅಸಿಟೋನ್‌ನಲ್ಲಿ ತೊಳೆದಿದ್ದೀರಾ?"

"ಹೌದು. ಎಲ್ಲ ಲ್ಯಾಬಿಗೂ ಹಾಗೇ ತೊಳೆದು ಕೊಡೋದು. ಬೇಗ ಒಣಗುತ್ತೆ, ಫಳಫಳ ಅನ್ನುತ್ತೆ."

"ನನ್ನ ಯಂತ್ರ ಹುಡುಕೋದೇ ಅಸಿಟೋನ್‌ನ! ಕಳ್ಳನ್ನ ಹಿಡಿಯೋಕೆ ಕೂತಿರೋ ಪೊಲೀಸಪ್ಪನ ಜೇಬಲ್ಲೇ ನೀವು ಕಳ್ಳನ್ನ ಇಟ್ಟು ಕಳಿಸಿದ್ದೀರಿ!"

ಕಿಟಕಿಯ ಬಳಿ ಯಜಮಾನರಿಗೆ ಚಹಾ ನೆತ್ತಿಗೇರಿತು.

ಅವನು ಮಾತ್ರ ನಗಲಿಲ್ಲ. ಕಪ್ಪು ಕನ್ನಡಕ ಹಣೆಗೇರಿಸಿ, "ಅಸಿಟೋನ್ ಯಾಕೆ ಹುಡುಕ್ತೀರಿ?" ಎಂದು ಕೇಳಿದ. ನಿಜವಾಗಿ ತಿಳಿಯಬೇಕೆಂದು ಕೇಳಿದ ಪ್ರಶ್ನೆ.

ಅವಳ ಸಿಟ್ಟು ಅರ್ಧ ಇಳಿಯಿತು. "ಸಕ್ಕರೆ ಕಾಯಿಲೆ ಕೈಮೀರಿದಾಗ ಮೈ ಸಕ್ಕರೆ ಬಿಟ್ಟು ಕೊಬ್ಬನ್ನ ಸುಡೋಕೆ ಶುರು ಮಾಡುತ್ತೆ. ಆಗ ಉಸಿರಲ್ಲಿ ಅಸಿಟೋನ್ ಜಾಸ್ತಿ ಆಗುತ್ತೆ. ಹತ್ತು ಲಕ್ಷ ಪಾಲು ಗಾಳೀಲಿ ಒಂದೇ ಒಂದು ಪಾಲು ಇದ್ರೂ ನನ್ನ ಯಂತ್ರ ಹಿಡಿಯುತ್ತೆ. ಆದ್ರೆ ಮೊದಲು ಗೆರೆ ಸೊನ್ನೇಲಿ ನಿಲ್ಲಬೇಕು. ನನಗೆ ಸೊನ್ನೆ ಬೇಕು!"

"ಅಂದ್ರೆ... ಸೂಜಿ ಚುಚ್ಚದೆ, ರಕ್ತ ತೆಗೀದೆ, ಬರೀ ಊದಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಅಬ್ಬಾ!"

ಆ 'ಅಬ್ಬಾ'ದಲ್ಲಿ ಮುಖಸ್ತುತಿ ಇರಲಿಲ್ಲ. ಅವನು ತನ್ನ ಕೈಯಲ್ಲಿದ್ದ ರಬ್ಬರ್ ಕೊಳವೆಯನ್ನೇ ಹೊಸದಾಗಿ ಕಂಡವನಂತೆ ನೋಡುತ್ತಿದ್ದ. "ಹತ್ತು ವರ್ಷದಿಂದ ಊದ್ತಾ ಇದ್ದೀನಿ ಮೇಡಂ. ಉಸಿರಲ್ಲಿ ಇಷ್ಟೆಲ್ಲ ಬರೆದಿರುತ್ತೆ ಅಂತ ಗೊತ್ತೇ ಇರಲಿಲ್ಲ. ಇವತ್ತಿಂದ ನಿಮ್ಮ ಸಾಮಾನಿಗೆ ಒಂದು ತೊಟ್ಟು ಅಸಿಟೋನ್ ತಗಲೋದಿಲ್ಲ. ಬರೀ ನೀರು. ಮಾತು ಕೊಟ್ಟೆ."

ಅವಳು ಬಾಗಿಲು ದಾಟುತ್ತಿದ್ದಂತೆ ಒಳಗಿಂದ ಯಜಮಾನರ ಪಿಸುದನಿ ಕೇಳಿಸಿತು. "ಸೊನ್ನೆ ಮೇಡಂ ಹೋದ್ರಾ?"

ಹೆಸರು ಅಂಟಿಕೊಂಡಿತು. ಅವಳೂ ಅವನನ್ನು 'ಗಾಜಿನವರೇ' ಎಂದು ಕರೆದು ಲೆಕ್ಕ ಚುಕ್ತಾ ಮಾಡಿದಳು.

* * *

ವಾರಕ್ಕೊಂದು ಹೊಸ ನಳಿಕೆ ಬೇಕಾಗುತ್ತಿತ್ತು. ಒಮ್ಮೆ ಬಾಯಿ ಅಗಲ ಬೇಕು, ಒಮ್ಮೆ ಬಾಗು ಕಡಿಮೆ ಬೇಕು. ಪ್ರತಿ ಸಲವೂ ಅವನೇ ತರುತ್ತಿದ್ದ, ಅವನೇ ಯಂತ್ರಕ್ಕೆ ಕೂರಿಸುತ್ತಿದ್ದ. ಕೊನೆಗೆ ನಳಿಕೆಗೆ ಬಾಯಿಟ್ಟು ಒಮ್ಮೆ ಊದಿ, ಗಾಳಿ ಸೋರುವುದಿಲ್ಲವೆಂದು ನೋಡಿ ಹೋಗುತ್ತಿದ್ದ.

ಅವನು ಊದಿದಾಗ ಪರದೆಯ ಮೇಲಿನ ಹಸಿರು ಗೆರೆ ಚೂರು ಏಳುತ್ತಿತ್ತು. ಎರಡು ನಿಮಿಷ ಶುದ್ಧ ಗಾಳಿ ಹಾಯಿಸಿದರೆ ಮತ್ತೆ ಸೊನ್ನೆಗೆ ಬಂದು ಮಲಗುತ್ತಿತ್ತು. ಆ ಎರಡು ನಿಮಿಷ ಇಬ್ಬರೂ ಗೆರೆ ನೋಡುತ್ತ ನಿಂತಿರುತ್ತಿದ್ದರು. ಗೆರೆ ನೋಡುವ ನೆಪದಲ್ಲಿ ಅವಳು ಏನೇನು ನೋಡುತ್ತಿದ್ದಳೋ... ಅದು ಅವಳಿಗೂ ಆಮೇಲೇ ಗೊತ್ತಾಯಿತು.

"ಈ ಯಂತ್ರದ ಹುಚ್ಚು ನಿಮಗೆ ಹಿಡಿದಿದ್ದು ಹೇಗೆ?" ಎಂದು ಅವನು ಒಮ್ಮೆ ಕೇಳಿದ.

"ಅಮ್ಮನಿಂದ. ಇಪ್ಪತ್ತು ವರ್ಷದಿಂದ ದಿನಾ ಬೆರಳು ಚುಚ್ಚಿಕೊಳ್ತಾಳೆ. ಹತ್ತು ಬೆರಳೂ ಜರಡಿ. ಒಮ್ಮೆ ನನ್ನ ಕೆನ್ನೆ ಸವರಿ, 'ಪುಟ್ಟಿ, ನಿನ್ನ ಕೆನ್ನೆ ನುಣುಪಾಗಿದೆಯಾ ಒರಟಾಗಿದೆಯಾ ಅಂತ ನನ್ನ ಬೆರಳಿಗೆ ಗೊತ್ತೇ ಆಗಲ್ಲ ಕಣೇ' ಅಂದಳು."

ಅವನು ಊಟದ ಡಬ್ಬಿಯಷ್ಟೇ ಇದ್ದ ಆ ಯಂತ್ರದ ಮೇಲೆ ಕೈಯಿಟ್ಟು, "ಎಂಥ ಕೆಲಸ ಮಾಡ್ತಾ ಇದ್ದೀರಿ ಮೇಡಂ!" ಎಂದ. ಪ್ರಶಸ್ತಿ ಕೊಟ್ಟಿದ್ದರೂ ಅವಳಿಗೆ ಅಷ್ಟು ಹಿಗ್ಗು ಆಗುತ್ತಿರಲಿಲ್ಲ.

ಎರಡು ತಿಂಗಳು ಹೀಗೇ ಕಳೆಯಿತು. ಮೂರನೆಯ ತಿಂಗಳಲ್ಲಿ ಗೆರೆ ಹಟ ಹಿಡಿಯಿತು.

ಅವನು ನಳಿಕೆ ಕೂರಿಸಿ ಹೋದ ಮೇಲೆ ಎರಡು ನಿಮಿಷವಲ್ಲ, ಹತ್ತು ನಿಮಿಷವಾದರೂ ಇಳಿಯಲಿಲ್ಲ. ಮುಂದಿನ ವಾರ ಇನ್ನೂ ಮೇಲೆ. ಅದರ ಮುಂದಿನ ವಾರ ಅರ್ಧ ಗಂಟೆ ಕಾದರೂ ಸೊನ್ನೆಯ ಸುಳಿವಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರುಗಳು ಯಂತ್ರ ನೋಡಲು ಬರುವುದು ನಾಳೆ ಹನ್ನೊಂದಕ್ಕೆ! ಅವರು ಒಪ್ಪಿದರೆ ಮಾತ್ರ ರೋಗಿಗಳ ಮೇಲೆ ಪರೀಕ್ಷೆ. ಇಲ್ಲದಿದ್ದರೆ ಮೂರು ವರ್ಷದ ದುಡಿಮೆ ಕಪಾಟಿಗೆ.

ಅವತ್ತು ಅವನು ಎರಡು ನಳಿಕೆ ತಂದಿದ್ದ. "ಒಂದು ಕೂರಿಸ್ತೀನಿ, ಇನ್ನೊಂದು ಡಬ್ಬೀಲಿರಲಿ. ಎರಡನ್ನೂ ಒಂದೇ ನೀರಲ್ಲಿ ಒಟ್ಟಿಗೇ ತೊಳೆದಿದ್ದೀನಿ."

ಕೂರಿಸಿದ. ಕೂಡಲೇ ಊದಿದ. ಗೆರೆ ಎದ್ದು ಮೇಲೆಯೇ ನಿಂತಿತು.

"ಗಾಜಿನವರೇ, ನಿಜ ಹೇಳಿ. ಮತ್ತೆ ಅಸಿಟೋನ್‌ನಲ್ಲಿ ತೊಳೀತಿದ್ದೀರಾ?"

"ಇಲ್ಲ ಮೇಡಂ. ಮಾತು ಕೊಟ್ಟಿದ್ದೆನಲ್ಲ." ಅವನು ನೀರಿನ ಬಾಟಲಿ ಎತ್ತಿ ಗಟಗಟ ಕುಡಿದ. ಬಂದ ಮೇಲೆ ಅದು ಎರಡನೆಯ ಬಾಟಲಿ.

"ಹಾಗಾದ್ರೆ ಇದು ಆಕಾಶದಿಂದ ಉದುರಿತಾ? ಕೆಲಸ ಬೇಗ ಮುಗೀಲಿ ಅಂತ ಹಳೇ ಅಭ್ಯಾಸಕ್ಕೆ ಬಿದ್ದಿದ್ದೀರಿ. ಹೇಳೋಕೆ ನಾಚಿಕೆ ಅಷ್ಟೆ! ಇದು ಬರೀ ಗಾಜಲ್ಲ, ಎಷ್ಟು ಜನರ ಜೀವ..."

"ನಾನು ಸುಳ್ಳು ಹೇಳ್ತಿದ್ದೀನಿ ಅಂತೀರಾ?"

"ಯಂತ್ರ ಸುಳ್ಳು ಹೇಳಲ್ಲ!"

ಅವನ ಮುಖ ಬಿಳಿಚಿತು. ಸಡಿಲವಾಗಿದ್ದ ಪ್ಯಾಂಟಿನ ಬೆಲ್ಟನ್ನು ಮೇಲೆಳೆದುಕೊಂಡು, "ಇನ್ನು ಮುಂದೆ ಯಜಮಾನರ ಹತ್ರಾನೇ ಮಾಡಿಸ್ಕೊಳ್ಳಿ ಮೇಡಂ," ಎಂದಷ್ಟೇ ಹೇಳಿ ಹೊರಟುಹೋದ.

'ತಪ್ಪು ಅವರದ್ದು, ಅಳು ನನಗ್ಯಾಕೆ ಬರಬೇಕು?' ಎಂದುಕೊಳ್ಳುತ್ತಲೇ ಅತ್ತಳು.

* * *

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಬೇರೆ ದಾರಿಯಿಲ್ಲದೆ, ಡಬ್ಬಿಯಲ್ಲಿದ್ದ ಎರಡನೆಯ ನಳಿಕೆಯನ್ನು ತಾನೇ ಯಂತ್ರಕ್ಕೆ ಕೂರಿಸಿದಳು.

ಗೆರೆ ಸೊನ್ನೆಯಲ್ಲಿ ಮಲಗಿತು.

ಅವಳು ಕಣ್ಣುಜ್ಜಿಕೊಂಡಳು. ಎರಡನ್ನೂ ಒಂದೇ ನೀರಲ್ಲಿ ತೊಳೆದದ್ದು. ತೊಳೆಯುವುದರಲ್ಲಿ ತಪ್ಪಿದ್ದರೆ ಇದೂ ಏಳಬೇಕಿತ್ತಲ್ಲ? ಹಾಗಾದರೆ ಅವನು ಹೇಳಿದ್ದು ನಿಜ!

ಮತ್ತೆ ವ್ಯತ್ಯಾಸ ಎಲ್ಲಿ? ನಿನ್ನೆಯ ನಳಿಕೆಗೂ ಇದಕ್ಕೂ...

ಅವನು ಅದನ್ನು ಊದಿದ್ದ. ಇದನ್ನು ಊದಿರಲಿಲ್ಲ.

ನಳಿಕೆಗೆ ಬಾಯಿಟ್ಟು ತಾನೇ ಊದಿದಳು. ಗೆರೆ ಚೂರು ಎದ್ದು, ಎರಡು ನಿಮಿಷಕ್ಕೆ ಸೊನ್ನೆಗೆ ಬಂತು. ಮೊದಮೊದಲು ಅವನು ಊದಿದಾಗ ಬರುತ್ತಿದ್ದ ಹಾಗೆಯೇ.

ಎರಡೆರಡು ಬಾಟಲಿ ನೀರು. ತಿಂಗಳಿಗೊಂದು ಹೊಸ ತೂತು ಬೀಳುತ್ತಿದ್ದ ಬೆಲ್ಟು. ನಳಿಕೆ ಅಳೆಯುವಾಗ ಒಮ್ಮೆ ಅವನು 'ಯಾಕೋ ಅಳತೆಪಟ್ಟಿ ಮಂಜು ಮಂಜು ಕಾಣುತ್ತೆ' ಎಂದದ್ದು. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆಯ ಮನೆಯಲ್ಲಿ ಬೆಳೆದವಳು ತಾನು! ಎಲ್ಲ ಕಣ್ಣೆದುರೇ ಇತ್ತು. ಯಂತ್ರ ಮೂರು ವಾರದಿಂದ ಕೂಗಿ ಹೇಳುತ್ತಿತ್ತು. ಅದು ಅವನ ಕಾಯಿಲೆಯನ್ನು ಹಿಡಿದಿತ್ತು, ಅವಳು ಅವನನ್ನು ಕಳ್ಳ ಎಂದು ಹಿಡಿದಿದ್ದಳು.

ಫೋನ್ ಮಾಡಿದಳು. ಎತ್ತಲಿಲ್ಲ. ವರ್ಕ್‌ಶಾಪಿಗೆ ಓಡಿದಳು.

"ರಜಾ ಹಾಕಿದ್ದಾನಮ್ಮ," ಎಂದರು ಯಜಮಾನರು. "ಹೊಟ್ಟೆನೋವು, ವಾಂತಿ ಅಂತ ಅವರಕ್ಕ ಫೋನ್ ಮಾಡಿದ್ರು. ಯಾಕಮ್ಮ, ಮುಖ ಹಾಗಾಗಿದೆ?"

ವಿಳಾಸ ಬರೆಸಿಕೊಂಡು ತನ್ನ ಲ್ಯಾಬಿನ ಪ್ರೊಫೆಸರರ ಕೋಣೆಗೆ ನುಗ್ಗಿದಳು. ಅವರು ಡಾಕ್ಟರುಗಳಿಗಾಗಿ ಟೈ ಕಟ್ಟಿಕೊಳ್ಳುತ್ತಿದ್ದರು. ಅವಳು ಹೇಳಿದ್ದನ್ನು ಅರ್ಧ ಕೇಳಿಯೇ ಕೈ ಬೀಸಿದರು.

"ಇನ್ನೂ ಇಲ್ಲೇ ಯಾಕೆ ನಿಂತಿದ್ದೀಯಾ? ಯಂತ್ರ ತಗೊಂಡು ಹೋಗು!"

"ಸರ್, ಡಾಕ್ಟರು ಬಂದ್ರೆ?"

"ಯಂತ್ರ ಡ್ಯೂಟಿ ಮೇಲೆ ಹೋಗಿದೆ ಅಂತೀನಿ."

* * *

ಬಾಗಿಲು ತೆರೆದ ಅಕ್ಕನ ಕಣ್ಣಲ್ಲಿ ಗಾಬರಿ. "ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಟ್ಟೆ. ಕಡಿಮೆ ಆಗ್ತಾನೇ ಇಲ್ಲ. ನೀವು ಯಾರು?"

"ನಾನು... ಸೊನ್ನೆ ಮೇಡಂ."

"ಓ, ನೀವಾ!" ಎಂದಳು ಅಕ್ಕ. ಆ ಗಾಬರಿಯಲ್ಲೂ ಅವಳ ಮುಖದಲ್ಲಿ ಏನೋ ತಿಳಿದ ಕಳೆ ಬಂತು. "ಒಳಗೆ ಬನ್ನಿ."

ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಓಡಿ ಬಂದವನಂತೆ ಜೋರು ಜೋರಾಗಿ ಉಸಿರಾಡುತ್ತಿದ್ದ. ತುಟಿ ಒಣಗಿ ಬಿರಿದಿತ್ತು. ಅವಳನ್ನು ಕಂಡು ಕಷ್ಟಪಟ್ಟು ನಕ್ಕ.

"ಬೈಯೋಕೆ... ಮನೇವರೆಗೂ ಬಂದ್ರಾ?"

"ಮಾತಾಡಬೇಡಿ. ಊದಿ." ಅವಳು ನಳಿಕೆಯನ್ನು ಅವನ ತುಟಿಗಿಟ್ಟಳು. ಅವನೇ ಮಾಡಿದ ನಳಿಕೆ.

ಊದಿದ. ಗೆರೆ ಎದ್ದಿತು... ಏರಿತು... ಪರದೆಯನ್ನೇ ದಾಟಿ ಹೋಯಿತು.

"ಅಕ್ಕಾ, ಕಾರು ಕರೆಸಿ! ಈಗಲೇ! ಇದು ಗ್ಯಾಸ್ ಅಲ್ಲ!"

ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಇನ್ಸುಲಿನ್ ಹಾಕಿ, ಸಲೈನ್ ಏರಿಸಿ, ಡಾಕ್ಟರಮ್ಮ ಹೊರಗೆ ಬಂದರು. "ಈ ವಯಸ್ಸಲ್ಲಿ, ಇಷ್ಟು ಸಣ್ಣಗಿರೋರಿಗೆ ಸಕ್ಕರೆ ಕಾಯಿಲೆ ಅಂತ ಯಾರೂ ಅನುಮಾನ ಪಡಲ್ಲ. ಸಂಜೆವರೆಗೆ ಬಿಟ್ಟಿದ್ರೆ ಪ್ರಜ್ಞೆ ಹೋಗ್ತಿತ್ತು. ಯಾರು ಕಂಡುಹಿಡಿದಿದ್ದು?"

ಅವಳು ಮಡಿಲಲ್ಲಿದ್ದ ಡಬ್ಬಿಯನ್ನು ತೋರಿಸಿದಳು. ಡಾಕ್ಟರಮ್ಮ ಅದನ್ನು ಎತ್ತಿ, ತಿರುಗಿಸಿ, ಬೆರಗಾಗಿ ನೋಡಿದರು. "ಇಷ್ಟೇನಾ? ಇದನ್ನ ನಮ್ಮ ವಾರ್ಡಿಗೆ ಯಾವಾಗ ಕೊಡ್ತೀರಿ?"

ಮೂರು ವರ್ಷದಿಂದ ಕೇಳಬೇಕೆಂದು ಕಾದಿದ್ದ ಮಾತು. ಅದನ್ನು ಕೇಳಿ ಅವಳು ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು.

* * *

ನಾಲ್ಕನೆಯ ದಿನ ಅವನು ಹಾಸಿಗೆಯಲ್ಲಿ ಎದ್ದು ಕೂತಿದ್ದ. ಕಿಟಕಿಯಿಂದ ಬೆಳಗಿನ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಅಕ್ಕ, "ಔಷಧಿ ತರ್ತೀನಿ" ಎಂದು ಎದ್ದುಹೋದಳು. ಔಷಧಿ ಎಲ್ಲ ಮೇಜಿನ ಮೇಲೇ ಇತ್ತು.

"ಕ್ಷಮಿಸಿಬಿಡಿ," ಎಂದಳು ಅವಳು. "ನಿಮ್ಮನ್ನ ಸುಳ್ಳುಗಾರ ಅಂದೆ."

"ಯಂತ್ರ ಸುಳ್ಳು ಹೇಳಲ್ಲ ಅಂದ್ರಿ. ಅದು ನಿಜಾನೇ ಆಯ್ತಲ್ಲ."

"ಯಂತ್ರ ನಿಜಾನೇ ಹೇಳ್ತು. ನಾನೇ ತಪ್ಪಾಗಿ ಓದಿದೆ." ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನೀವು ಸೋರಿಕೆ ನೋಡೋಕೆ ಅಂತ ಊದದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ನೆನೆಸಿಕೊಂಡ್ರೆ ಕೈಕಾಲು ತಣ್ಣಗಾಗುತ್ತೆ."

ಅವನು ತಲೆ ತಗ್ಗಿಸಿದ. ಚಾದರದ ಅಂಚನ್ನು ಮಡಿಸಿದ, ಬಿಡಿಸಿದ.

"ಈಗ ನಿಜ ಹೇಳ್ಲಾ? ಸುಳ್ಳು ಒಂದು ಇತ್ತು."

"ಏನು?"

"ಸೋರಿಕೇನ ನಾನು ವರ್ಕ್‌ಶಾಪಲ್ಲೇ ಪಂಪು ಹಾಕಿ ನೋಡಿರ್ತಿದ್ದೆ. ನಿಮ್ಮ ಲ್ಯಾಬಲ್ಲಿ ಊದೋ ಅಗತ್ಯಾನೇ ಇರಲಿಲ್ಲ."

"ಮತ್ತೆ ಯಾಕೆ ಊದ್ತಿದ್ರಿ?"

"ಊದಿದ್ರೆ ಗೆರೆ ಏಳುತ್ತೆ. ಅದು ಇಳಿಯೋಕೆ ಎರಡು ನಿಮಿಷ ಬೇಕು." ಅವನು ಕಣ್ಣೆತ್ತಿದ. "ಆ ಎರಡು ನಿಮಿಷ ನಿಮ್ಮ ಪಕ್ಕ ನಿಲ್ಲಬಹುದಿತ್ತು ಮೇಡಂ. ಅಷ್ಟಕ್ಕೇ ಊದ್ತಿದ್ದೆ."

ಈ ಮನುಷ್ಯ ತನ್ನ ಪಕ್ಕ ನಿಲ್ಲುವ ಆಸೆಗೆ ಊದಿದ... ಆ ಊದಿದ್ದೇ ಇವನನ್ನು ಉಳಿಸಿತು!

ಅವಳು ಚೀಲದಿಂದ ಯಂತ್ರ ತೆಗೆದು ಅವನ ಮುಂದೆ ಹಿಡಿದಳು. "ಊದಿ."

ಅವನು ಊದಿದ. ಜೋರಾಗಿ ಅಲ್ಲ, ಮೊದಲ ದಿನ ಗಾಜನ್ನು ಊದಿದಷ್ಟೇ ಮೆಲ್ಲಗೆ. ಗೆರೆ ಚೂರು ಎದ್ದು ನಿಂತಿತು.

"ಸೊನ್ನೆ ಬಂತಾ?" ಎಂದ ಆತಂಕದಿಂದ.

"ಇಲ್ಲ."

"ಇನ್ನೂ ಇದೆಯಾ?"

"ಇದೆ. ನನ್ನ ಉಸಿರಲ್ಲಿ ಇರೋವಷ್ಟೇ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಬದುಕಿರೋರ ಉಸಿರಲ್ಲಿ ಸೊನ್ನೆ ಇರಲ್ಲ ಗಾಜಿನವರೇ. ನನಗೆ ಸೊನ್ನೆ ಬೇಡ. ಇಷ್ಟು ಇರಲಿ, ಸಾಕು."

ಅವನ ಕೈ ಚಾದರದ ಮೇಲಿಂದ ಮೆಲ್ಲಗೆ ಸರಿದು ಅವಳ ಕೈ ಹಿಡಿಯಿತು. ಗೆರೆ ಇಳಿಯತೊಡಗಿತು.

"ಎರಡು ನಿಮಿಷ ಆಗ್ತಾ ಬಂತು," ಎಂದ ಅವನು.

"ಮತ್ತೆ ಊದಿ," ಎಂದಳು ಅವಳು.